ಎಲ್ಲರೂ ಊಟ ಮಾಡಿ ಮಲಗಿದರು

ಹೊನ್ನಾವರದಿಂದ ನನಗೊಂದು ಪೋಸ್ಟ್ ಕಾರ್ಡು ಬಂತು. ‘ನಿಮ್ಮ ಧಾರಾವಾಹಿಯ ಸುಬೇದಾರರು ನಿನ್ನೆ ಬರಿತಲೆಯಲ್ಲಿ ಸೆಲ್ಯೂಟ್ ಹೊಡೆದರು. ಟೊಪ್ಪಿ ಇಲ್ಲದೆ ಯಾವ ಸೈನಿಕನೂ ಸೆಲ್ಯೂಟ್ ಹೊಡೆಯುವುದಿಲ್ಲ. ತಿದ್ದಿಕೊಳ್ಳಬೇಕಾಗಿ ವಿನಂತಿ’ ಎಂದಿತ್ತು. ಕೆಳಗೆ ‘ನಿವೃತ್ತ ಹವಾಲ್ದಾರ’ ಎಂಬ ಸಹಿ, ಮಾಜಿ ಸೈನಿಕರ ಸಂಘದ ವಿಳಾಸ. ನನ್ನ ಬೀದಿಯ ಹೆಸರನ್ನೂ ಬರೆಯದ ಆ ಕಾರ್ಡು ನೇರ ನನ್ನ ಮನೆಗೇ ಬಂತು. ಧಾರಾವಾಹಿ ಬರೆಯುವ ಹೆಂಗಸು ಆಗ ಇಡೀ ಕುಮಟೆಗೆ ನಾನೊಬ್ಬಳೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೈಸ್ಕೂಲಿನಲ್ಲಿ ಪಾಠ ಮಾಡಿ ಬಂದು, ಸಂಜೆ ಕೂತು ಬೆಂಗಳೂರಿನ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಬರೆದ ಹಾಳೆಗಳನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಾಡುವುದು. ತಪ್ಪು ತೋರಿಸಿದವರ ಮೇಲೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕುತೂಹಲ. ಸಿಟ್ಟು ಎರಡು ದಿನದಲ್ಲಿ ಇಳಿಯಿತು. ಕುತೂಹಲ ಇಳಿಯಲಿಲ್ಲ, ಭಾನುವಾರ ಹೊನ್ನಾವರದ ಬಸ್ಸು ಹತ್ತಿದೆ.

ಸಂಘವೆಂದರೆ ಒಂದು ಕೋಣೆ, ಒಂದು ಕೇರಂ ಬೋರ್ಡು, ಆರು ಜನ ನಿವೃತ್ತರು. ಕಾರ್ಡು ಬರೆದವರು ಎದ್ದು ನಿಂತು ಪರಿಚಯ ಹೇಳಿಕೊಂಡರು. ಐವತ್ತರ ಆಸುಪಾಸಿನ, ನೆಟ್ಟಗಿನ ಮನುಷ್ಯ. ಸೈನ್ಯದಿಂದ ಬಂದ ಮೇಲೆ ಊರಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ. ನಾನು ಕೂರುವ ಮೊದಲೇ ಆರೂ ಜನ ನನ್ನ ಸುಬೇದಾರನ ಇನ್ನಷ್ಟು ತಪ್ಪುಗಳನ್ನು ಒಪ್ಪಿಸಿದರು. ಅಷ್ಟು ಗೊತ್ತಿದ್ದರೆ ನೀವೇ ಬರೆಯಿರಿ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಮುಂದಿನ ಭಾನುವಾರ ನೋಡಿದರೆ ಆರೂ ಜನ ಹೊಸ ನೋಟ್‌ಬುಕ್ಕು ಹಿಡಿದು ಸಾಲಾಗಿ ಕೂತಿದ್ದಾರೆ. ಸೈನ್ಯದವರ ಎದುರು ಮಾತು ಆಡುವಾಗ ನೋಡಿಕೊಂಡು ಆಡಬೇಕು ಎಂದು ಅವತ್ತು ಕಲಿತೆ.

ಹಾಗೆ ನನ್ನ ಭಾನುವಾರದ ಪಾಠ ಶುರುವಾಯಿತು. ಎರಡು ತಿಂಗಳಲ್ಲಿ ನಾಲ್ಕು ಜನ ಕೇರಂಗೆ ಮರಳಿದರು. ಉಳಿದವರಲ್ಲಿ ಭಟ್ಕಳದಿಂದ ಬರುತ್ತಿದ್ದ ನೌಕಾಪಡೆಯವರಿಗೆ ನಗಿಸುವುದು ಚೆನ್ನಾಗಿ ಬರುತ್ತಿತ್ತು, ಅವರು ಬೇಗ ಹಾಸ್ಯ ಕಾರ್ಯಕ್ರಮವೊಂದಕ್ಕೆ ಬರೆಯತೊಡಗಿದರು. ಹವಾಲ್ದಾರರದು ಮಾತ್ರ ಬೇರೆ ಕಥೆ. ಅವರ ದೃಶ್ಯ ‘೧೮೩೦ ಗಂಟೆ, ಅಡುಗೆಮನೆ, ಸೊಸೆ ಪೂರ್ವ ದಿಕ್ಕಿನಿಂದ ಪ್ರವೇಶಿಸುತ್ತಾಳೆ’ ಎಂದು ಶುರುವಾಗುತ್ತಿತ್ತು. ಪ್ರತಿ ಹಾಳೆಯ ಕೊನೆಗೆ ಎರಡು ಗೆರೆ ಎಳೆದು, ನಡುವೆ ಒಂದು ಸೊನ್ನೆ ಹಾಕುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, ಬೇರೆಯವರು ಕೆಳಗೆ ಏನೂ ಸೇರಿಸಬಾರದಲ್ಲ ಅಂದರು. ಆದರೆ ಅವರು ಬರೆದ ಅತ್ತೆ ಬಾಯಿ ತೆರೆದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು, ಅಷ್ಟು ಜೀವಂತ ಮಾತು.

ಯಾಕೆ ಬರೆಯಬೇಕು ಅನಿಸಿತು ಎಂದು ಒಮ್ಮೆ ಕೇಳಿದೆ. ‘ಇಪ್ಪತ್ತೆರಡು ವರ್ಷ ಅಲ್ಲಿ ನಿಂತೆ, ಈಗ ಬ್ಯಾಂಕಲ್ಲಿ ನಿಲ್ತೇನೆ. ಕೂತು ಮಾಡುವ ಕೆಲಸ ಒಂದು ಮಾಡಿ ನೋಡ್ವ ಅಂತ, ಮೇಡಂ’ ಅಂದರು. ನಗು ಬಂತು. ಅವರು ನಗಲಿಲ್ಲ.

ಅಷ್ಟರಲ್ಲಿ ನಮ್ಮ ನಿರ್ಮಾಪಕರಿಗೆ ಎರಡನೆಯ ಬರಹಗಾರರು ಬೇಕಾದರು. ನಾನು ಹವಾಲ್ದಾರರ ಹೆಸರು ಹೇಳಿದೆ. ಮೂರು ಕಂತು ಬರೆಸಿ ಕಳಿಸಿ, ಸರಿಯಾದರೆ ಕೆಲಸ ಅವರಿಗೆ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇನೆ ಎಂದರು. ಮೊದಲ ಕಂತು ಹೋಯಿತು, ವಾಪಸು ಬಂತು. ಎರಡನೆಯದೂ ಬಂತು. ಎರಡರ ಮೇಲೂ ಒಂದೇ ಷರಾ: ‘ಎಲ್ಲ ಸರಿಹೋದರೆ ನಾಳೆ ಯಾರು ನೋಡುತ್ತಾರೆ?’

ಷರಾ ಸುಳ್ಳಲ್ಲ. ಮೊದಲ ಕಂತಿನಲ್ಲಿ ಕಳೆದುಹೋದ ಮಗು ಕೊನೆಯ ದೃಶ್ಯಕ್ಕೆ ಸರಿಯಾಗಿ ಸಿಕ್ಕಿಬಿಟ್ಟಿತ್ತು. ಎರಡನೆಯದರಲ್ಲಿ ಆಸ್ಪತ್ರೆಗೆ ಸೇರಿದ ಮಾವ ಅದೇ ಸಂಜೆ ಆಟೋದಲ್ಲಿ ಮನೆಗೆ ಬಂದಿದ್ದರು. ಎರಡೂ ಮುಗಿಯುವುದು ಒಂದೇ ಸಾಲಿನಲ್ಲಿ, ‘ಎಲ್ಲರೂ ಊಟ ಮಾಡಿ ಮಲಗಿದರು.’ ಕೆಳಗೆ ಎರಡು ಗೆರೆ, ಸೊನ್ನೆ.

ನಾನು ರೇಗಿದೆ. ಮಗು ಸಿಗುವುದು ನಾಳೆ, ಇವತ್ತಲ್ಲ. ನೋಡುವವರು ಮಗು ಎಲ್ಲಿ ಹೋಯಿತೋ ಎಂದು ಒದ್ದಾಡಬೇಕು, ಇದೊಂದು ನಿಮ್ಮ ತಲೆಗೆ ಯಾಕೆ ಹೋಗುವುದಿಲ್ಲ ಎಂದು ಕೂಗಾಡಿದೆ. ಅವರು ನೋಟ್‌ಬುಕ್ಕು ಮುಚ್ಚಿ, ಅದು ಬಹಳ ಕೆಟ್ಟ ಅಭ್ಯಾಸ ಮೇಡಂ, ಹಾಗೆ ಯಾರನ್ನೂ ಬಿಟ್ಟು ಬರಬಾರದು ಅಂದರು. ಅವರ ದನಿಯಲ್ಲಿ ಏನೋ ಇತ್ತು. ಏನೋ ಇದೆ ಅನಿಸಿದರೆ ಕೆದಕದೆ ಬಿಡುವವಳು ನಾನಲ್ಲ, ಕೆದಕಿದೆ.

ಅವರ ತುಕಡಿಯಲ್ಲಿ ಕಾಗದಕ್ಕೊಂದು ಕ್ರಮವಿತ್ತಂತೆ. ಯಾರೂ ಬರೆದಿಟ್ಟ ನಿಯಮವಲ್ಲ, ಹಳಬರು ಹೊಸಬರಿಗೆ ಹೇಳಿಕೊಟ್ಟದ್ದು. ಜ್ವರ ಬಂದರೆ ಬರೆಯಬಾರದು. ಬೆರಳು ಹಿಮಕ್ಕೆ ಕಪ್ಪಾದರೆ ‘ಇಲ್ಲಿ ಸ್ವಲ್ಪ ಚಳಿ’ ಎಂದಷ್ಟೇ. ಯಾಕೆಂದರೆ ಕಾಗದ ಊರು ಮುಟ್ಟಲು ಹದಿನೈದು ದಿನ. ಇವತ್ತು ಜ್ವರ ಅಂತ ಬರೆದು, ನಾಳೆ ವಾಸಿಯಾಗಿ, ವಾಸಿಯಾದ ಕಾಗದ ಮುಟ್ಟುವ ತನಕ ಮನೆಯಲ್ಲಿ ತಾಯಿ ಉಣ್ಣುವುದಿಲ್ಲ, ಮಲಗುವುದಿಲ್ಲ. ಹಾಗಾಗಿ ಪ್ರತಿ ಕಾಗದವೂ ಅವಳು ಉಂಡು ಮಲಗುವ ಹಾಗೆ ಮುಗಿಯಬೇಕು. ಹವಾಲ್ದಾರರು ತಮ್ಮದನ್ನಷ್ಟೇ ಅಲ್ಲ, ಭಟ್ಕಳದ ಹತ್ತಿರದ ಬೆಳಕೆ ಎಂಬ ಊರಿನ ಒಬ್ಬನದನ್ನೂ ಬರೆಯುತ್ತಿದ್ದರು. ಅವನು ತುಕಡಿಯ ಅಡುಗೆಯವನು, ಶಾಲೆಗೆ ಹೋದವನಲ್ಲ. ಅವನು ಹೇಳುವುದು, ಇವರು ಬರೆಯುವುದು.

ಒಂದು ಚಳಿಗಾಲದಲ್ಲಿ ಹಾಗೊಂದು ಕಾಗದ ಬರೆದು ಅಂಚೆಗೆ ಹಾಕಿದ ಮೂರನೆಯ ದಿನ ಅಡುಗೆಯವನ ಮೇಲೆ ಹಿಮ ಕುಸಿಯಿತು. ಅವನು ಸತ್ತ ತಂತಿ ಎರಡು ದಿನದಲ್ಲಿ ಬೆಳಕೆ ಮುಟ್ಟಿತು. ‘ನಾನು ಕ್ಷೇಮ’ ಎಂಬ ಕಾಗದ ಹದಿನೈದು ದಿನಕ್ಕೆ ಮುಟ್ಟಿತು. ಆಮೇಲೆ ತುಕಡಿಗೆ, ಸತ್ತವನ ಹೆಸರಿಗೆ, ಅವನ ತಾಯಿಯಿಂದ ಒಂದು ಕಾಗದ ಬಂತು. ನಿನ್ನ ಪತ್ರ ತಲುಪಿತು, ಇಲ್ಲಿ ಎಲ್ಲ ಕ್ಷೇಮ, ಕೂಡಲೇ ಕಾಗದ ಬರಿ ಎಂದು. ಅದನ್ನು ತೆರೆದವರು ಹವಾಲ್ದಾರರು.

‘ತಂತಿಯನ್ನ ಅವರು ನಂಬಲಿಲ್ಲ, ನನ್ನ ಸುಳ್ಳನ್ನ ನಂಬಿದರು. ಅದಕ್ಕೆ ಎಂತ ಉತ್ತರ ಬರೆಯೂದು, ಮೇಡಂ?’

ಬರೆಯಲಿಲ್ಲ. ಹದಿನೆಂಟು ವರ್ಷದಿಂದ ಆ ನೀಲಿ ಕಾಗದ ಅವರ ಟ್ರಂಕಿನಲ್ಲಿತ್ತು. ಹೊನ್ನಾವರದಿಂದ ಬೆಳಕೆ ಎಷ್ಟು ದೂರ? ಒಂದು ದಿನವೂ ಹೋಗಿರಲಿಲ್ಲ. ನನಗೆ ಸಂಕಟವಾಯಿತು. ಆದರೂ ನಿಜ ಹೇಳಬೇಕಲ್ಲ, ಆ ಸಂಕಟದ ಬೆನ್ನಿಗೇ ಇದೇ ನಿಮ್ಮ ಮೂರನೆಯ ಕಂತು ಎಂದು ಹೇಳಿದವಳೂ ನಾನೇ. ಬರೆಯುವವರ ಜಾತಿಯೇ ಅಂಥದ್ದು.

ಅವರು ಪೆನ್ನು ಕಿಸೆಗಿಟ್ಟುಕೊಂಡು ಎದ್ದು ಹೋದರು. ಎಂಟು ದಿನ ಬಿಟ್ಟು ಹಾಳೆಗಳನ್ನು ಹಿಡಿದು ಕುಮಟೆಗೇ ಬಂದರು. ಕೊನೆಯ ದೃಶ್ಯದಲ್ಲಿ ಒಬ್ಬ ತಾಯಿ. ಮಗ ಸತ್ತ ತಂತಿ ಬಂದು ದಿನಗಳು ಕಳೆದಿವೆ. ಅಂಚೆಯವ ಬಂದು ಮಗನ ಕಾಗದ ಕೊಡುತ್ತಾನೆ. ಪಕ್ಕದವರು ಓದುತ್ತಾರೆ, ‘ಅಮ್ಮಾ, ನಾನು ಕ್ಷೇಮ.’ ತಾಯಿ ಕಾಗದ ಹಿಡಿದು ನಿಂತಿದ್ದಾಳೆ. ಅಷ್ಟೇ. ಯಾರೂ ಊಟ ಮಾಡಲಿಲ್ಲ, ಯಾರೂ ಮಲಗಲಿಲ್ಲ. ನಾನು ಚಪ್ಪಲಿ ಮೆಟ್ಟಿ ಬೂತಿಗೆ ಹೊರಟೆ. ಅವರು ಹಾಳೆಗಳನ್ನು ಕೊಡಲಿಲ್ಲ. ಅಡುಗೆಯವನ ತಾಯಿ ಇನ್ನೂ ಇದ್ದಾರಂತೆ, ಅವರ ಮನೆಯಲ್ಲೂ ಟಿವಿ ಇರಬಹುದು, ಅವರಿಗೆ ಓದಿ ಹೇಳದೆ ಇದು ಹೋಗಬಾರದು, ಅವರು ಬೇಡ ಅಂದರೆ ಅಲ್ಲೇ ಹರಿಯುತ್ತೇನೆ ಎಂದರು. ನಿರ್ಮಾಪಕರು ಹೇಳಿದ ಸೋಮವಾರದೊಳಗೆ ಕಳಿಸದಿದ್ದರೆ ಕೆಲಸ ಕೈತಪ್ಪಿತು ಎಂದು ನೆನಪಿಸಿದೆ. ಗೊತ್ತು ಎಂದರು.

ಭಾನುವಾರ ಬೆಳಿಗ್ಗೆ ನಾನೂ ಜೊತೆಗೆ ಹೊರಟೆ. ಸಹಾಯಕ್ಕೆ ಎಂದು ಹೇಳಿದೆ. ಏನಾಗುತ್ತದೆ ನೋಡದೆ ಇರಲಾರೆ ಎಂಬುದೇ ಖರೆ. ಭಟ್ಕಳದಲ್ಲಿ ಇಳಿದು ಬೆಳಕೆಯ ಬಸ್ಸು ಹಿಡಿದೆವು.

ಆ ತಾಯಿ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಸಣ್ಣ ಜೀವ, ಚುರುಕು ಕಣ್ಣು. ಕಿರಿಮಗನ ಸಂಸಾರ ಜೊತೆಗಿತ್ತು, ಒಳಗೆ ಟಿವಿಯೂ ಇತ್ತು. ಧಾರಾವಾಹಿ ಬರೆಯುವವಳು ನಾನೇ ಎಂದು ತಿಳಿದದ್ದೇ, ಆ ಸೊಸೆಗೆ ಬುದ್ಧಿ ಯಾವಾಗ ಬರುತ್ತದೆ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಹವಾಲ್ದಾರರು, ತಾನು ಅವರ ದೊಡ್ಡ ಮಗನ ತುಕಡಿಯಲ್ಲೇ ಇದ್ದವನು ಎಂದಷ್ಟೇ ಹೇಳಿದರು. ಕಾಗದದ ಮಾತು ಎತ್ತಲಿಲ್ಲ. ಒಂದು ಕಥೆ ಬರೆದಿದ್ದೇನೆ, ಕೇಳಿ, ಬೇಡ ಅಂದರೆ ಬಿಡುತ್ತೇನೆ ಎಂದು ಓದಲು ಶುರುಮಾಡಿದರು.

ಶೇಂಗಾ ಬಿಡಿಸುವ ಕೈ ತಂತಿ ಬರುವ ಹೊತ್ತಿಗೆ ನಿಂತಿತು. ಕಾಗದ ಹಿಡಿದು ನಿಂತ ತಾಯಿಯ ತನಕ ಓದಿ ಅವರು ನಿಲ್ಲಿಸಿದರು.

‘ಮುಂದೆ ಎಂತ ಆತು?’ ಎಂದರು ಮುದುಕಿ.

‘ಬರೆಯಲಿಲ್ಲ ಅಮ್ಮಾ. ನನಗೆ ಗೊತ್ತಿಲ್ಲ.’

ಅವರು ಕೈ ಚಾಚಿ ಹಾಳೆ ಇಸಕೊಂಡರು. ಓದು ಬರದವರು ಅದನ್ನು ಯಾಕೆ ಕೇಳಿದರು ಎಂದು ನಾನು ನೋಡುತ್ತಿದ್ದೆ. ಅವರು ನೋಡಿದ್ದು ಹಾಳೆಯ ಬುಡವನ್ನು. ಎರಡು ಗೆರೆ, ನಡುವೆ ಸೊನ್ನೆ. ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಹಳೆಯ ನೀಲಿ ಕಾಗದಗಳು, ಪ್ರತಿಯೊಂದರ ಕೊನೆಗೂ ಅದೇ ಎರಡು ಗೆರೆ, ಅದೇ ಸೊನ್ನೆ.

‘ನನ್ನ ಮಗನಿಗೆ ಬರೆಯೂಕೆ ಬರ್ತಿರ್ಲಿಲ್ಲ, ನಂಗೆ ಗೊತ್ತಿಲ್ವಾ? ಅಂವ ಹೋದ ಅಂತ ತಂತಿ ಬಂತು. ಬರೆದವ ಇದ್ದನೋ, ಅವನ ಸಂಗ್ತಿಗೇ ಹೋದ್ನೋ, ಅದನ್ನ ಯಾರು ಹೇಳ್ತಾರೆ? ನಿನ್ನ ಹೆಸರು ಗೊತ್ತಿರ್ಲಿಲ್ಲ ಮಗಾ. ಅದ್ಕೇ ಮಾಸ್ತರ ಹತ್ರ ಅವನ ಹೆಸರಿಗೇ ಬರೆಸ್ದೆ. ಉತ್ರ ಬರ್ಲಿಲ್ಲ. ನೀನೂ ಹೋದೆ ಅಂದ್ಕಂಡಿದ್ದೆ.’

ನಾನು ಶೇಂಗಾ ಸಿಪ್ಪೆಯನ್ನೇ ನೋಡುತ್ತ ಅಳುತ್ತಿದ್ದೆ.

‘ನಾನು ಕ್ಷೇಮ ಅಮ್ಮಾ’ ಎಂದರು ಹವಾಲ್ದಾರರು.

‘ಆತು’ ಎಂದರು ಮುದುಕಿ. ಕಥೆ ಕಳಿಸು ಅಂದರು, ಆ ತಾಯಿ ಮುಂದೆ ಏನು ಮಾಡಿದಳು ಎಂದು ಈಗ ಗೊತ್ತಾಯಿತಲ್ಲ ಅಂದರು. ಆಮೇಲೆ ನಮ್ಮನ್ನು ಊಟಕ್ಕೆ ಎಬ್ಬಿಸಿದರು.

ಸೋಮವಾರ ಫ್ಯಾಕ್ಸ್ ಹೋಯಿತು. ಮಧ್ಯಾಹ್ನವೇ ನಿರ್ಮಾಪಕರು ಬೂತಿಗೆ ಫೋನು ಮಾಡಿ, ಕೆಲಸ ನಿಮ್ಮದು, ಆದರೆ ಆ ತಾಯಿ ಮುಂದೆ ಏನು ಮಾಡುತ್ತಾಳೆ ಎಂದು ಕೇಳಿದರು. ಹವಾಲ್ದಾರರು ನೆಟ್ಟಗೆ ನಿಂತು, ನಾಳೆ ಕಳಿಸುತ್ತೇನೆ ಸರ್ ಎಂದು ಫೋನಿಟ್ಟರು. ನನ್ನ ಶಿಷ್ಯ ಪಾಸಾಗಿದ್ದ.

ಬ್ಯಾಂಕಿನ ಬಂದೂಕು ಬಿಟ್ಟು ಅವರು ಕೂತೇ ಕೆಲಸ ಮಾಡಿದರು, ವರ್ಷಗಟ್ಟಲೆ. ಆಮೇಲೆ ಅವರದೇ ಒಂದು ಧಾರಾವಾಹಿಯೂ ಬಂತು. ಪ್ರತಿ ಕಂತನ್ನೂ ಎಂಥ ಜಾಗದಲ್ಲಿ ನಿಲ್ಲಿಸುತ್ತಿದ್ದರೆಂದರೆ, ಕಲಿಸಿದ ನಾನೇ ಮರುದಿನದ ತನಕ ಕೈ ಹಿಸುಕಿಕೊಳ್ಳುತ್ತಿದ್ದೆ. ಆದರೆ ಭಾನುವಾರ ತಪ್ಪದೆ ಬೆಳಕೆಗೆ ಹೋಗಿ, ಇಡೀ ವಾರದ ಕಥೆಯನ್ನು ಆ ತಾಯಿಗೆ ಮುಂಚೆಯೇ ಹೇಳಿ ಬರುತ್ತಿದ್ದರು. ಒಬ್ಬರನ್ನಾದರೂ ಹಾಗೆ ಬಿಟ್ಟು ಬರಬಾರದಂತೆ.

ಒಮ್ಮೆ ಭಟ್ಕಳಕ್ಕೆ ಹೋದವಳು ತಡೆಯಲಾರದೆ ಬೆಳಕೆಗೂ ಹೋದೆ. ಹಿಂದಿನ ದಿನದ ಕಂತು ನಾಯಕಿ ಬಾಗಿಲು ತೆರೆಯುವುದರೊಂದಿಗೆ ನಿಂತಿತ್ತು. ಬಾಗಿಲಾಚೆ ಯಾರಿದ್ದಾರೆ, ನಿಮಗೆ ಗೊತ್ತಲ್ಲ, ಹೇಳಿ ಎಂದು ಮುದುಕಿಯ ಹತ್ತಿರ ಗೋಗರೆದೆ.

‘ಒಂದು ದಿನ ಕಾಯೂಕೆ ಆಗೂದಿಲ್ವಾ ನಿಮಗೆ?’ ಅಂದರು ಅವರು. ‘ನಾ ಹದಿನೆಂಟು ವರ್ಷ ಕಾದೆ.’

ನಾನು ಚಹ ಕುಡಿದು ಸುಮ್ಮನೆ ಬಸ್ಸು ಹತ್ತಿದೆ.