ಎರಡನೇ ಗೇರಿನ ಗುಂಯ್

ಸಿಟ್ಟು ನಮ್ಮ ಮನಿತನದಾಗೇ ಅದ ಅಂತ ಹೇಳಿ ಕೈ ತೊಳ್ಕೋಬಹುದು. ಆದ್ರ ಈ ತಪ್ಪು ಮನಿತನದ್ದಲ್ಲ, ನಂದು.

ನಾ ಇರೋದು ರಾಯಚೂರಾಗ, ಮಾಸ್ತರಿಕಿ ಮಾನ್ವಿ ಸಾಲಿಯಾಗ. ದಿನಾ ಹೋಗಿ ಬರಾಕ ಒಂದು ಹಳೇ ಕಾರು. ಒಂದಿನ ಕುರ್ಡಿ ಕಡೆ ಮದುವಿ ಉಂಡು ಬರುವಾಗ ದಾರ್ಯಾಗಿನ ಕಲ್ಲು ಕಾಣಲೇ ಇಲ್ಲ. ಧಡ್ ಅಂತು. ಇಳಿದು ಬಗ್ಗಿ ನೋಡಿದ್ರ ಗೇರ್‌ಬಾಕ್ಸಿನ ಹೊಟ್ಟಿ ಸೀಳಿ ಎಣ್ಣಿ ಮಣ್ಣಾಗ ಸುರಿಯಾಕತ್ತಿತ್ತು. ಅಲ್ಲಿಂದ ಗಾಲಿಗೆ ಹೋಗೋ ಶಾಫ್ಟೂ ಸೊಟ್ಟ ಆಗಿತ್ತು. ಕಲ್ಲಿಗೆ ಬೈದೆ, ರೋಡಿಗೆ ಬೈದೆ, ಪಕ್ಕದಾಗ ಕುಂತಿದ್ದ ಹೆಂಡತಿಗೂ ಬೈದೆ. "ಕಲ್ಲು ಇಟ್ಟಾಕಿ ನಾನೇನ್ರಿ?" ಅಂದ್ಲು ಆಕಿ.

ಇಪ್ಪತ್ತು ವರ್ಷದಿಂದ ನನ್ನ ಗಾಡಿ ನೋಡೋ ಮೆಕ್ಯಾನಿಕ್‌ಗೆ ನಾ ಉಸ್ತಾದ್ ಅಂತೀನಿ. "ಈ ಗಾಡಿಗೆ ಹೊಸಾ ಸಾಮಾನು ಎಲ್ಲಿ ಬರ್ತದ ಮಾಸ್ತರ? ಇಂಥಾದೇ ನಿಂತ ಗಾಡಿ ಹುಡುಕ್ರಿ" ಅಂದ್ರು. ಹುಡುಕಿ ಹುಡುಕಿ ದೇವದುರ್ಗದಾಗ ಒಂದು ಸಿಕ್ತು. ಉಸ್ತಾದರನ್ನ ಕರ್ಕೊಂಡು ಅಲ್ಲಿಗೆ ಹೋದೆ.

ಏರಿನ ಓಣಿ, ಬೇವಿನ ಗಿಡದ ಬುಡಕ್ಕ ಗಾಡಿ. ಒಳಗ ಹೊಲಿಗಿ ಮಶೀನ್ ಕಟಕಟ ಅಂತಿತ್ತು. ನಾ ಕೂಗಿದ್ದಕ್ಕ ಅದು ನಿಂತಿತು, ಒಬ್ಬ ಹೆಣ್ಣುಮಗಳು ಹೊರಗ ಬಂದ್ಲು. ಗಂಡ ತೀರಿಕೊಂಡು ಎರಡು ವರ್ಷ. ಗಾಡಿ ನಿಂತಲ್ಲೇ ನಿಂತು ಎಂಜಿನ್ ಕೆಟ್ಟಿತ್ತು. "ಗೇರ್‌ಬಾಕ್ಸ್, ಶಾಫ್ಟು ಒಯ್ರಿ ಅಣ್ಣಾರ, ಚಲೋ ಅದಾವು. ಎರಡನೇ ಗೇರಿನ್ಯಾಗ ಮಾತ್ರ ಗುಂಯ್ ಅಂತದ. ನಮ್ಮವರು ಈ ಏರು ಹತ್ತುವಾಗ ಆ ಸಪ್ಪಳ ಕೇಳಿ ನಾ ಮಶೀನ್ ನಿಲ್ಲಿಸಿ ಒಲಿ ಹಚ್ಚತಿದ್ದೆ" ಅಂದ್ಲು. ಆಮ್ಯಾಲ ತಡೆದು, "ಜೋಡಿಸಿದ ಮ್ಯಾಲ ಒಮ್ಮಿ ಗಾಡಿ ಈ ಓಣಿಗೆ ತರ್ರಿ. ಒಮ್ಮಿ ಕೇಳತೀನಿ, ಅಷ್ಟ ಸಾಕು" ಅಂದ್ಲು.

"ತರದೇ ಬಿಡ್ತೀನೇನ್ರಿ ಅಕ್ಕಾರ!" ಅಂದೆ. ಖರೇ ಹೇಳ್ತೀನಿ, ನನ್ನ ಲಕ್ಷ್ಯ ಎಲ್ಲಾ ಗಾಡಿ ಕೆಳಗಿತ್ತು. ಆಕಿ ಮಾತು ಕಿವಿಗೆ ಬಿತ್ತು, ಒಳಗ ಇಳೀಲಿಲ್ಲ.

ಉಸ್ತಾದ್ ಗೇರ್‌ಬಾಕ್ಸನ್ನ ಕೂಸಿನಂಗ ಎತ್ತಿ ಎಂಜಿನ್ನಿಗೆ ಕೂಡಿಸಿದ್ರು. ಶಾಫ್ಟಿನ ತುದಿ ಒಳಗ ದೂಡಿದಾಗ ಟಕ್ ಅಂತು. ಅಷ್ಟಕ್ಕ ಬಿಡಲಿಲ್ಲ, ಕೂತದೋ ಇಲ್ಲೋ ಅಂತ ಕೈಲೇ ಜಗ್ಗಿ ಜಗ್ಗಿ ನೋಡಿದ್ರು. ಎಣ್ಣಿ ಹಾಕಿ, ಬಿಸ್ಮಿಲ್ಲಾ ಅಂದು ಚಾವಿ ತಿರುವಿದ್ರು. ರೋಡಿಗೆ ಬಂದು ಎರಡನೇ ಗೇರಿಗೆ ಹಾಕಿದ್ದೇ ತಡ, ಗುಂಯ್ಯ್ ಅಂತ ಶುರು. "ಒಳಗಿನ ಬೇರಿಂಗ್ ಸವದದ ಮಾಸ್ತರ. ಸಪ್ಪಳ ಅಷ್ಟ, ಗಾಡಿಗೇನೂ ಆಗಂಗಿಲ್ಲ. ಬಿಚ್ಚಬ್ಯಾಡ್ರಿ" ಅಂದ್ರು.

ಸಾಲ್ಯಾಗಿನ ಮಾಸ್ತರಗೋಳು ಬಿಡ್ತಾರೇನು? ನಾ ಗೇಟಿನೊಳಗ ಬಂದ್ರ ಸಾಕು, "ಹಿಟ್ಟಿನ ಗಿರಣಿ ಬಂತು, ಜ್ವಾಳ ತರ್ರಿ!" ಅಂತ ನಗ್ತಿದ್ರು. ನಾ ರೇಡಿಯೋ ಜೋರ್ ಮಾಡ್ಕೊಂಡು ಹಲ್ಲು ಕಡೀತಿದ್ದೆ. ದೇವದುರ್ಗದ ಮಾತು ನೆನಪಿರಲಿಲ್ಲ ಅಂತಲ್ಲ. ಮುಂದಿನ ಐತಾರ, ಮುಂದಿನ ಐತಾರ ಅನ್ಕೋತ ಎಂಟು ತಿಂಗಳು ಕಳದ್ವು. ನೆಂಟರ ಮನಿಗೆ ಹೋಗುವಾಗ ಎರಡು ಸಲ ದೇವದುರ್ಗ ದಾಟಿ ಹೋದೆ. ಆ ಓಣಿಗೆ ಗಾಡಿ ತಿರುವಲಿಲ್ಲ.

ಕಡೀಕ ಒಂದಿನ ತಲಿ ಕೆಟ್ಟು ಉಸ್ತಾದರ ಹತ್ರ ಹೋಗಿ, "ಈ ಪೀಡಾ ತಗೀರಿ" ಅಂದೆ.

"ಆ ಅಕ್ಕಾರಿಗೆ ಕೇಳಸಿ ಬಂದ್ರೇನು? ಮೊದಲ ಹೋಗಿ ಬರ್ರಿ, ಆಮ್ಯಾಲ ಬಿಚ್ಚೋಣು."

"ಗಾಡಿ ನಂದೋ, ಆಕಿದೋ? ನಿಮ್ಮ ಕೆಲಸ ನೀವು ಮಾಡ್ರಿ!" ಅಂತ ಚೀರಿದೆ. ಇಪ್ಪತ್ತು ವರ್ಷದಾಗ ಒಮ್ಮೆನೂ ಹಂಗ ಅಂದಿರಲಿಲ್ಲ. ಉಸ್ತಾದ್ ನಟ್ಟು ಬಿಚ್ಚೋ ಪಾನಾ ತಗೊಂಡು ಗಾಡಿ ಕೆಳಗ ಸರದ್ರು. ಹೊಸಾ ಬೇರಿಂಗ್ ಬಿತ್ತು. ಗಾಡಿ ಬೆಣ್ಣಿಯಂಗ ಆತು.

ನನ್ನ ಬುದ್ಧಿ ನೋಡ್ರಿ, ಗಾಡಿ ಚಲೋ ಆದ ಮ್ಯಾಲ ಖುಷೀಲೇ ದೇವದುರ್ಗಕ್ಕ ಹೊಂಟೆ. ಆ ಏರು ಬಂತು, ಎರಡನೇ ಗೇರಿಗೆ ಹಾಕಿದೆ. ಮನಿ ಮುಂದ ಹೋಗಿ ನಿಲ್ಲಿಸಿದೆ. ಒಳಗ ಮಶೀನ್ ಕಟಕಟ ಅನ್ನಾಕತ್ತಿತ್ತು. ನಿಲ್ಲಲಿಲ್ಲ. ಆವಾಗ ನನಗ ಹೊಳೀತು. ಅಯ್ಯೋ, ಎಂಥಾ ಕೆಲಸ ಮಾಡಿದೆ ನಾನು!

ಹಾರ್ನ್ ಹೊಡೆದೆ. ಆಕಿ ಬಂದ್ಲು. "ಯಾವಾಗ ಬಂದ್ರಿ ಅಣ್ಣಾರ? ಮಶೀನಿನ ಗದ್ಲದಾಗ ಗೊತ್ತಾಗಲಿಲ್ಲ ನೋಡ್ರಿ. ಇನ್ನೊಮ್ಮಿ ಏರು ಹತ್ತಸ್ರಿ" ಅಂದು ಸೆರಗು ಕಿವಿ ಹಿಂದ ಸರಿಸಿ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತ್ಲು. ಕೆಳಗ ಹೋಗಿ ಮತ್ತ ಹತ್ತಿಸಿದೆ. ಎಲ್ಲೆರ ಒಂದೀಟು ಉಳಿದೀತು ಅಂತ ಆಸೆಬುರುಕನಂಗ ಆಕ್ಸಿಲೇಟರ್ ಒತ್ತಿದೆ. ಏನೂ ಇಲ್ಲ.

"ಅಕ್ಕಾರ, ಆ ಸಪ್ಪಳ ನಾನೇ ತಗಿಸಿಬಿಟ್ಟೆ" ಅಂದೆ.

ಆಕಿ ಬೇವಿನ ಗಿಡದ ಕಡೆ ನೋಡಿದ್ಲು. "ಹೋಗ್ಲಿ ಬಿಡ್ರಿ. ಗಾಡಿ ನಿಮ್ಮದು, ನಿಮಗ ಚಲೋ ಇರಬೇಕು" ಅಂದ್ಲು. "ಬರ್ರಿ, ಒಲಿ ಹಚ್ಚತೀನಿ, ಚಾ ಕುಡೀರಿ."

ಚಾ ಕುಡಿದು ಎದ್ದೆ. ಮನಿಗೆ ಬಂದು ಹೇಳಿದ್ರ ಹೆಂಡತಿ, "ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಮತ್ತ ಬರ್ತದೇನ್ರಿ?" ಅಂದ್ಲು. ಆದ್ರೂ ಮರುದಿನ ಉಸ್ತಾದರ ಹತ್ರ ಹೋದೆ. ಮೊದಲ ಚೀರಿದ್ದಕ್ಕ ಮಾಫಿ ಕೇಳಿದೆ, ಆಮ್ಯಾಲ ಹಳೇ ಬೇರಿಂಗ್ ಕೇಳಿದೆ.

"ಅದು ಗುಜರಿಗೆ ಹೋತಲ್ರಿ ಮಾಸ್ತರ. ಆ ಸಪ್ಪಳ ಬರಬೇಕಂದ್ರ ಈಗಿನ್ದು ಸವೀಬೇಕು" ಅಂದ್ರು. ನಗಲಿಲ್ಲ.

ಈಗ ಏರು ಬಂದಾಗೆಲ್ಲಾ ರೇಡಿಯೋ ಬಂದ್ ಮಾಡಿ, ಎರಡನೇ ಗೇರಿಗೆ ಹಾಕಿ, ಕಿವಿಗೊಟ್ಟು ಕೇಳತೀನಿ. ಗಾಡಿ ಇನ್ನೂ ಸುಮ್ನ ಹತ್ತತದ.