ರಫೀಕನ ಬ್ರಷ್ಷು, ರುದ್ರಪ್ಪನವರ ಹಣೆ

“ಅಕ್ಕಾರೇ, ಇದ್ರಾಗೆ ಎಮ್ಮೆನೂ ತೊಳೀಬಹುದು, ಗ್ಲಾಸೂ ತೊಳೀಬಹುದು.”

ಹಾರ್ಡ್‌ವೇರ್ ಅಂಗಡಿಯ ಶಿವಣ್ಣನವರು ಹೀಗೆಂದು ಒಂದು ಬ್ರಷ್ಷನ್ನು ನನ್ನ ಮುಂದಿಟ್ಟರು. ಮುಟ್ಟಿ ನೋಡಿದೆ. ಎಮ್ಮೆ ಹೇಗೋ ಸಹಿಸಿಕೊಂಡೀತು. ಗಾಜು?

ಕಿಟಕಿ ತೊಳೆಯುವ ಬ್ರಷ್ ಕೊಳ್ಳಲು ಇವಳೇಕೆ ಹೋದಳು ಎಂದು ನೀವು ಕೇಳಬಹುದು. (ನಮ್ಮ ಮನೆಯ ಕಿಟಕಿ ನೋಡಿದವರಂತೂ ಕೇಳಿಯೇ ಕೇಳುತ್ತಾರೆ.) ಹೋದದ್ದು ರಫೀಕನ ಜೊತೆಗೆ. ರಫೀಕ ನಮ್ಮ ಪಕ್ಕದ ಮನೆ ಮುಮ್ತಾಜಳ ತಮ್ಮ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಮುಮ್ತಾಜ ಈಗ ನ್ಯಾಮತಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅಂಗಡಿ ಹಾಕಿದ್ದಾಳೆ. ಬಾಗಿಲೂ ಸೇರಿ ಮುಂಭಾಗವೆಲ್ಲ ಗಾಜು. ನಿನ್ನೆ ಮೊನ್ನೆಯವರೆಗೆ ಗೋಡೆಗೆ ಪೇಂಟ್ ಹೊಡೆಯುತ್ತಿದ್ದ ರಫೀಕ ಅದನ್ನು ನೋಡಿದ್ದೇ ತಡ, ಘೋಷಣೆ ಮಾಡಿಬಿಟ್ಟ.

“ಇನ್ಮೇಲೆ ಪೇಂಟ್ ಬಂದ್ ಅಕ್ಕಾ. ಬರೀ ಗ್ಲಾಸ್ ಕ್ಲೀನಿಂಗ್. ಪ್ರೊಫೆಷನಲ್!”

ಕಾರಣವಿತ್ತು. ಅದೇ ರಸ್ತೆಯಲ್ಲಿ ರುದ್ರಪ್ಪನವರು ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟಿಸಿದ್ದಾರೆ. ಮೇಲಿಂದ ಕೆಳಗಿನವರೆಗೆ ಗಾಜೇ ಗಾಜು. ನಮ್ಮೂರಿನ ಧೂಳಿಗೆ ಅದನ್ನು ತೊಳೆಯುವವನಿಗೆ ಜೀವನಪೂರ್ತಿ ಕೆಲಸ. ಶುಕ್ರವಾರ ಮುಮ್ತಾಜಳ ಅಂಗಡಿ ಓಪನಿಂಗಿಗೆ ರುದ್ರಪ್ಪನವರೂ ಬರುವವರಿದ್ದರು. ಅಕ್ಕನ ಗಾಜು ಅವರ ಕಣ್ಣಿಗೆ ಬಿದ್ದು ಮೆಚ್ಚುಗೆಯಾದರೆ ಕಾಂಪ್ಲೆಕ್ಸ್ ರಫೀಕನ ಕೈಗೆ. ಒಂದು ಗೀರು ಬಿದ್ದರೂ ಮತ್ತೆ ಪೇಂಟ್ ಡಬ್ಬಿಯೇ ಗತಿ.

ನಾನು ಸುಮ್ಮನಿರಬಹುದಿತ್ತು. ಆದರೆ ಅಂಕಣ ಬರೆಯುವವರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ.

ರಫೀಕ ಮೊಬೈಲ್ ನೋಡಿ ಕಲಿತಿದ್ದ. ಮೆತ್ತನೆಯ ಕೂದಲಿನ ಬ್ರಷ್, ರಬ್ಬರ್ ವೈಪರ್, ಪೇಂಟ್ ಹನಿ ಕೆರೆಯಲು ತೆಳು ಬ್ಲೇಡು, ಉದ್ದನೆಯ ಕೋಲು ಬೇಕಿತ್ತು. ಶಿವಣ್ಣನವರಲ್ಲಿ ಇದ್ದದ್ದು ಸುಣ್ಣದ ಬ್ರಷ್, ನಾರಿನ ಬ್ರಷ್, ಜೇಡರ ಬಲೆ ಹೊಡೆಯುವ ಬ್ರಷ್. ಪ್ರತಿಯೊಂದಕ್ಕೂ ಅವರದು ಒಂದೇ ಮಾತು: “ಇದೂ ನಡೀತೈತೆ, ತಗಳ್ರಿ.”

ರಫೀಕ ಒಂದೊಂದನ್ನೂ ತನ್ನ ಕೆನ್ನೆಗೆ ಉಜ್ಜಿ ನೋಡತೊಡಗಿದ. ಕೆನ್ನೆಗೆ ಚುಚ್ಚಿದ್ದು ಗಾಜಿಗೂ ಚುಚ್ಚುತ್ತದಂತೆ! ಮೊಳೆ ಕೊಳ್ಳಲು ಬಂದವರು ಮೊಳೆ ಮರೆತು ನಿಂತು ನೋಡಿದರು. ಶಿವಣ್ಣನವರಿಗೂ ಹುರುಪು ಬಂತು. ಕೊನೆಗೆ ಟಾಯ್ಲೆಟ್ ಬ್ರಷ್ಷೂ ಕೆಳಗಿಳಿಯಿತು. (ಅದನ್ನೊಂದು ಮಾತ್ರ ಅವನು ಕೆನ್ನೆಗೆ ಒಯ್ಯಲಿಲ್ಲ.)

ವೈಪರ್ ಸಿಕ್ಕಿತು. ಅದರ ರಬ್ಬರಿನ ಅಂಚಿನ ಮೇಲೆ ಉಗುರು ಆಡಿಸಿ, ಎಲ್ಲೂ ಕಚ್ಚು ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಕಚ್ಚು ಇದ್ದರೆ ಎಳೆದಲ್ಲೆಲ್ಲ ನೀರಿನ ಗೆರೆ ಉಳಿಯುತ್ತದಂತೆ. ಮೆತ್ತನೆಯ ಬ್ರಷ್ಷನ್ನು ಕಾರು ತೊಳೆಯುವವರಿಂದ ತಂದ. ಕೋಲು? ಚನ್ನಗಿರಿಯ ಮಾವನ ಹತ್ತಿರ ಅಡಿಕೆ ಗೊನೆ ಇಳಿಸುವ ಫೈಬರ್ ದೋಟಿ ಇತ್ತು. ಅದರ ತುದಿಗೆ ಬ್ರಷ್ ಕಟ್ಟಿದ. ದೋಟಿ ಎಷ್ಟು ಉದ್ದವೆಂದರೆ, ಮೊದಲ ದಿನ ಬ್ರಷ್ ಗಾಜಿನ ಮೇಲಿತ್ತು, ರಫೀಕ ಎದುರಿನ ಟೀ ಅಂಗಡಿಯಲ್ಲಿದ್ದ!

ಇಷ್ಟೆಲ್ಲ ನೋಡಿ ರಫೀಕನ ತಾಯಿ ಅಮ್ಮಿಗೆ ನಗು. “ಇಷ್ಟು ಸಾಮಾನು ಯಾಕ್ ಬೇಕು? ಹಳೇ ಪೇಪರ್ ಸಾಕು. ಅದ್ರಾಗೂ ಈ ಅಕ್ಕಾರದು ಬರ್ತೈತಲ್ಲ, ಆ ಪೇಪರ್ರು ಭಾಳ ಚೆಂದ ಒರೆಸ್ತೈತೆ.”

ಬರೆಯುವವಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೇ? ನಮ್ಮ ಯಜಮಾನರಂತೂ ನನ್ನ ಅಂಕಣ ಓದಿದ ದಿನ ತಲೆನೋವಿನ ಮಾತ್ರೆ ಹುಡುಕುತ್ತಾರೆ. ಇಲ್ಲಿ ಒರೆಸಲಿಕ್ಕಾದರೂ ಆಯಿತಲ್ಲ! ಆದರೆ ರಫೀಕ ಒಪ್ಪಲಿಲ್ಲ. ಪ್ರೊಫೆಷನಲ್ ಅಲ್ಲವೇ?

ಗುರುವಾರ ಸಂಜೆ ಅವನು ಕೊನೆಯದಾಗಿ ಅಳಿಸಿದ್ದು, ಗಾಜು ಕೂರಿಸಿದವರು ಸುಣ್ಣದಲ್ಲಿ ಎಳೆದುಹೋಗಿದ್ದ ದೊಡ್ಡ ಇಂಟು ಗುರುತನ್ನು. ಸುಣ್ಣದ ಕಲೆಯೂ ಉಳಿಯದಂತೆ ಒರೆಸಿ, ದೂರ ನಿಂತು ನೋಡಿ, “ಗ್ಲಾಸ್ ಎಲ್ಲೈತೆ ಹೇಳ್ರಿ ಅಕ್ಕಾ?” ಎಂದು ಎದೆಯುಬ್ಬಿಸಿದ. ನನಗೂ ನಿಜಕ್ಕೂ ಕಾಣಲಿಲ್ಲ. ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಶುಕ್ರವಾರ ನಮಾಜ್ ಮುಗಿದ ಮೇಲೆ ಓಪನಿಂಗ್. ರುದ್ರಪ್ಪನವರು ಇಸ್ತ್ರಿ ಹಾಕಿದ ಬಿಳಿ ಪಂಚೆಯಲ್ಲಿ ಬಂದರು. ಒಳಗಿದ್ದ ಮುಮ್ತಾಜಳತ್ತ ಕೈಮುಗಿದು, ನಗುತ್ತಾ, ನೇರ ಹೆಜ್ಜೆ ಹಾಕಿದರು.

ಢಬ್!

ಇಡೀ ಬಸ್ ಸ್ಟ್ಯಾಂಡ್ ರಸ್ತೆ ತಿರುಗಿ ನೋಡಿತು. ರಫೀಕನ ಮುಖ ಅವನೇ ಹೊಡೆಯುತ್ತಿದ್ದ ಸುಣ್ಣದ ಬಣ್ಣಕ್ಕೆ ಬಂತು. ಮುಮ್ತಾಜ ಶರಬತ್ತಿಗೆ ತಂದಿದ್ದ ಐಸ್ ಹಿಡಿದು ಓಡಿಬಂದಳು. ಹೋಯಿತು, ಹುಡುಗನ ಕಾಂಪ್ಲೆಕ್ಸ್ ಹೋಯಿತು.

ರುದ್ರಪ್ಪನವರು ಹಣೆಗೆ ಐಸ್ ಒತ್ತಿಕೊಂಡೇ, ಇನ್ನೊಂದು ಅಂಗೈಯಿಂದ ಗಾಜನ್ನು ಮೆಲ್ಲಗೆ ಸವರಿದರು.

“ಇಲ್ಲಿ ಗ್ಲಾಸ್ ಐತೇನೋ?”

“ಐತ್ರಿ ಯಜಮಾನ್ರೇ. ತಪ್ಪಾತ್ರಿ.”

“ತಪ್ಪು ಬಿಡು. ನಮ್ ಕಾಂಪ್ಲೆಕ್ಸೂ ಹಿಂಗೇ ಮಾಡಾಕೆ ಬರ್ತೈತೇನು?”

ರಫೀಕ ‘ಬರ್ತೈತೆ’ ಎನ್ನುವಂತೆ ಜೋರಾಗಿ ಕತ್ತು ಆಡಿಸಿದ. ನನಗೆ ಕಣ್ಣು ತುಂಬಿ ಬಂತು. (ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.)

“ಆದ್ರೆ ಬಾಗಿಲಿಗೆ ಏನಾರ ಅಂಟಿಸಪ್ಪ,” ಎಂದರು ಅವರು. “ಎಲ್ರ ಹಣೆನೂ ನಂದಷ್ಟು ಗಟ್ಟಿ ಇರಾಕಿಲ್ಲ.”

ಮುದ್ದಾದ ಮಗುವಿನ ಕೆನ್ನೆಗೆ ನಾವು ಕಾಡಿಗೆಯ ಚುಕ್ಕೆ ಇಡುತ್ತೇವಲ್ಲ, ಇದೂ ಹಾಗೆಯೇ. ತೀರಾ ಚೊಕ್ಕಟವಾದರೆ ನಮಗೇಕೋ ಆಗಿಬರುವುದಿಲ್ಲ. ಎಲ್ಲೋ ಒಂದು ಕಡೆ ಸ್ವಲ್ಪ ಕಲೆ ಬೇಕು.

ಆ ಕಲೆಯನ್ನು ಅಮ್ಮಿಯೇ ಹುಡುಕಿ ತಂದರು. ಕಣ್ಣಳತೆಗೆ ಸರಿಯಾಗಿ, ಮೈದಾ ಅಂಟು ಹಚ್ಚಿ, ಹಳೇ ಪೇಪರಿನ ಒಂದು ತುಂಡನ್ನು ಬಾಗಿಲಿಗೆ ಅಂಟಿಸಿದರು. ನೋಡಿದರೆ ನನ್ನದೇ ಅಂಕಣ, ಫೋಟೋ ಸಮೇತ! ಈಗ ಬ್ಲೌಸ್ ಹೊಲಿಸಲು ಬಂದವರೆಲ್ಲ ನನ್ನ ಮುಖ ಕಂಡು ಗಕ್ಕನೆ ನಿಲ್ಲುತ್ತಾರೆ. ಓದುತ್ತಾರೆಯೇ? ಇಲ್ಲ, ಹಿಡಿಕೆ ಹುಡುಕಿ ಒಳಗೆ ಹೋಗುತ್ತಾರೆ. ಕಾಂಪ್ಲೆಕ್ಸಿನ ಬಾಗಿಲುಗಳಿಗೂ ರಫೀಕ ನನ್ನ ಹಳೆಯ ಅಂಕಣಗಳನ್ನೇ ಕೇಳಿದ್ದಾನೆ.

ನನ್ನ ಅಂಕಣದಿಂದ ತಲೆನೋವು ಎನ್ನುವ ನಮ್ಮ ಯಜಮಾನರೇ, ಈಗ ಹೇಳಿ: ಅದೇ ಅಂಕಣದಿಂದ ನ್ಯಾಮತಿಯಲ್ಲಿ ದಿನಕ್ಕೆ ಎಷ್ಟು ತಲೆ ಉಳಿಯುತ್ತಿವೆ, ಗೊತ್ತೇ?