ಒಂಬತ್ತು ಹೊಡೆದ ರೂಪಾಯಿ

1996ರ ಶ್ರಾವಣದಲ್ಲಿ, ಪೀಣ್ಯದ ಒಂದು ನೇಮ್‌ಪ್ಲೇಟ್ ಶೆಡ್‌ನಲ್ಲಿ, ಲಗ್ಗೆರೆಯ ನಮ್ಮ ವಠಾರದ ಹೆಂಗಸೊಬ್ಬರ ಬೆಳ್ಳಿ ರೂಪಾಯಿಯನ್ನು ಆಸಿಡ್‌ಗೆ ಇಳಿಸಲಾಯಿತು. ನಾನು ಅಲ್ಲಿದ್ದೆ. ಆಕೆಗೆ ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆಕೆ ವಿಜಾಪುರದ ಕಡೆಯವರು, ಗಂಡ ಲೇತ್ ಆಪರೇಟರ್. ತಾಯಿಯಿಂದ ಆಕೆಗೆ ಬಂದಿದ್ದು ಆ ರೂಪಾಯಿ ಒಂದೇ. ದೇವರ ಜಗಲಿಯ ಮೇಲಿದ್ದ ಅದನ್ನು ಸೋಮವಾರ ಸೋಮವಾರ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ವಿಭೂತಿ ಹಚ್ಚುತ್ತಿದ್ದರು. ತಾಯಿಯೂ ಹಾಗೆಯೇ ತಿಕ್ಕಿದವರು. ಹೀಗಾಗಿ ನಾಣ್ಯದ ಮೇಲಿನ ಬ್ರಿಟಿಷ್ ರಾಜನ ಮೂಗು ಸವೆದಿತ್ತು. ಇಸವಿಯ ಕೊನೆಯ ಅಂಕಿ ಪೂರ್ತಿ ಹೋಗಿ 193 ಮಾತ್ರ ಉಳಿದಿತ್ತು.

ಗಂಡನ ಕಾರ್ಖಾನೆಯ ಗೇಟಿಗೆ ಹಳೆ ನಾಣ್ಯ ಕೊಳ್ಳುವವನೊಬ್ಬ ಬರುತ್ತಿದ್ದ. ‘1939ರದಾದರೆ ಅಪರೂಪ, ಕೊಳ್ಳುತ್ತೇನೆ. 38 ಆದರೆ ಬೇಡ’ ಎಂದಿದ್ದ. ಅಳಿಸಿಹೋದ ಇಸವಿ ಎಬ್ಬಿಸಿಕೊಡುವವನ ಶೆಡ್ ತೋರಿಸಿದವನೂ ಅವನೇ. ನಾನು ಪತ್ರಿಕೆಯೊಂದರ ವರದಿಗಾರ; ಪೇಪರಿನವನು ಜೊತೆಗಿದ್ದರೆ ಮೋಸವಾಗುವುದಿಲ್ಲವೆಂದು ಗಂಡ ನನ್ನನ್ನು ಕರೆದೊಯ್ದರು.

ಶೆಡ್‌ನವನು ಹಿತ್ತಾಳೆ ತಗಡನ್ನು ಆಸಿಡ್‌ನಲ್ಲಿ ಕೊರೆದು ಮೋಟಾರುಗಳಿಗೆ ನೇಮ್‌ಪ್ಲೇಟ್ ಮಾಡುವವನು. ಅಚ್ಚು ಬಿದ್ದ ಜಾಗದಲ್ಲಿ ಲೋಹ ಒತ್ತಿಕೊಂಡಿರುತ್ತದೆ. ಮೇಲೆ ಸವೆದಿದ್ದರೂ ಆಸಿಡ್ ಅಲ್ಲಿ ಬೇರೆ ಥರ ತಿನ್ನುವುದರಿಂದ ಅಂಕಿಯ ನೆರಳು ಏಳುತ್ತದೆ. ತಾಮ್ರದ ಕಾಲಾಣೆಗಳಲ್ಲಿ ಅವನಿಗೆ ಇದು ಕೈಹಿಡಿದಿತ್ತು. ಬೆಳ್ಳಿಯನ್ನೂ ಅದೇ ಕಂದು ದ್ರಾವಣಕ್ಕೆ ಹಾಕಿದ.

ನಾಣ್ಯ ಕಪ್ಪಗಾಯಿತು.

‘ಇದ್ಯಾಕ್ರೀ ಹಿಂಗಾತು?’ ಎಂದರು ಗಂಡ.

‘ಬೆಳ್ಳಿ ಅಲ್ವಾ ಗುರು, ಸ್ವಲ್ಪ ಮುನಿಸ್ಕೊಳ್ಳುತ್ತೆ. ಇರು.’

ಗುಟ್ಕಾ ಉಗಿಯುವ ತೊಟ್ಟಿಯಲ್ಲೇ ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿದ. ರಾಜನ ಮುಖ ಸಿಡುಬು ಎದ್ದಂತಾಗಿತ್ತು. ಅಂಕಿ ಏಳಲಿಲ್ಲ. ಅವನು ಡಬ್ಬಿಯಿಂದ ಮೋಟಾರಿನ ಸೀರಿಯಲ್ ನಂಬರ್ ಹೊಡೆಯುವ ಪಂಚ್ ತೆಗೆದು, 193ರ ಪಕ್ಕ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟ. ಒಂಬತ್ತು.

‘ಇದು ಎದ್ದ ಅಂಕಿಯಲ್ಲ, ನೀವು ಹೊಡೆದದ್ದು’ ಎಂದೆ.

‘ಆಲ್ಬಮ್‌ನಲ್ಲಿ ಇಟ್ಮೇಲೆ ಯಾರ್ ಸಾರ್ ಭೂತಗನ್ನಡಿ ಹಿಡೀತಾರೆ? ನೀವು ಪೇಪರ್‌ನೋರು ಏನ್ ಎಲ್ಲಾ ನಿಜಾನೇ ಬರೀತೀರಾ?’ ನಗುವಾಗ ಅವನ ಬಾಯಿಯ ಕೆಂಪು ನೀರು ನಾಣ್ಯದ ಮೇಲೆ ಬಿತ್ತು. ಬನಿಯನ್ನಿಗೆ ಒರೆಸಿ ಕೊಟ್ಟ. ಅದನ್ನು ಮುಟ್ಟಲು ನನಗೆ ಹೇಸಿಗೆಯಾಯಿತು.

ಮರುದಿನ ಗೇಟಿನ ಬಳಿ ಕೊಳ್ಳುವವನು ನಾಣ್ಯವನ್ನು ತಿರುಗಿಸಿ ನೋಡಿ, ‘ಇದ್ ಯಾವ್ ಮೋಟಾರಿಂದು ಮಚ್ಚಾ?’ ಎಂದು ಹಿಂದಕ್ಕೆ ಕೊಟ್ಟನಂತೆ. ಶೆಡ್ ತೋರಿಸಿದ್ದು ತಾನೇ ಎಂಬುದು ಅವನಿಗೆ ನೆನಪಿದ್ದಂತಿರಲಿಲ್ಲ.

ಗಂಡ ಅದನ್ನು ಸದ್ದಿಲ್ಲದೆ ಜಗಲಿಯ ಮೇಲಿಟ್ಟರು. ಸೋಮವಾರ ತಿಕ್ಕಲು ತೆಗೆದುಕೊಂಡ ಆಕೆ ನಾಣ್ಯ ಹಿಡಿದು ನನ್ನ ಬಾಗಿಲಿಗೆ ಬಂದರು. ಹಿಂದೆಯೇ ಗಂಡ.

‘ಅಣ್ಣಾರ, ನೀವೂ ಹೋಗಿದ್ರಂತ. ಇದು ನಮ್ಮವ್ವಂದ ಏನು?’

ನಡೆದದ್ದನ್ನೆಲ್ಲ ಹೇಳಿದೆ. ತೊಟ್ಟಿಯ ವಿಷಯವನ್ನೂ ಹೇಳಿದೆ.

‘ತೊಳದ್ರ ಆತಲ್ಲ’ ಎಂದರು ಗಂಡ.

‘ನೀವ ತೊಳದು ನಿಮ್ಮ ಕಿಸೆದಾಗ ಇಟ್ಕೋರಿ. ಇದು ಜಗಲಿ ಏರಂಗಿಲ್ಲ.’

1998ರಲ್ಲಿ ಅವರು ಚಿಕ್ಕಬಾಣಾವರಕ್ಕೆ ಮನೆ ಬದಲಿಸಿದರು. ಅವರು ಬಿಟ್ಟುಹೋದ ಮನೆಗೆ ಸುಣ್ಣ ಹೊಡೆಸಲು ಬಂದ ವಠಾರದ ಮಾಲೀಕನಿಗೆ ಅಟ್ಟದ ಮೇಲೆ ಮೊಳೆಗಳ ಡಬ್ಬಿಯೊಂದು ಸಿಕ್ಕಿತು. ನಾಣ್ಯ ಅದರಲ್ಲಿತ್ತು.